ಸ್ಕಿಜೋಫ್ರೇನಿಯಾದ ಗುಳಿಗೆಗೆ ಜಮಾ–ಖರ್ಚಿನ ಲೆಕ್ಕ ಇಡುವ ಬಗೆ

ಇಲ್ಲದ ದನಿಗಳು ಕೇಳುವ, ಇಲ್ಲದ ಸಂಶಯಗಳು ಕಾಡುವ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ನನ್ನ ತಮ್ಮನಿಗೆ ಇದೆಯೆಂದು ವೈದ್ಯರು ಹೇಳಿದಾಗ ಅವನಿಗೆ 22 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದ. ಅದಾಗಿ ಒಂಬತ್ತು ವರ್ಷಗಳು ಕಳೆದಿವೆ. ಈ ಅವಧಿಯಲ್ಲಿ ಸಿರುಗುಪ್ಪದ ನಮ್ಮ ಮನೆಗೆ ಬಂದ ನೆಂಟರು, ನೆರೆಯವರು ಎರಡರಲ್ಲಿ ಒಂದು ಮಾತನ್ನು ಹೇಳಿಯೇ ಹೋಗಿದ್ದಾರೆ. "ಗುಳಿಗಿ ಬಿಡಿಸಬ್ಯಾಡ್ರಿ, ಬಿಟ್ರ ಮತ್ತ ಶುರುವಾಗತೈತಿ" ಎನ್ನುವವರು ಕೆಲವರು. "ಆ ಗುಳಿಗಿ ನುಂಗಿ ನುಂಗಿ ಹುಡುಗ ಮಂಕಾಗ್ಯಾನ, ಮೊದಲು ಅದನ್ನ ಬಿಡಿಸ್ರಿ" ಎನ್ನುವವರು ಇನ್ನು ಕೆಲವರು. ಎರಡು ಮಾತಿನಲ್ಲೂ ಸತ್ಯವಿದೆ, ಆದರೆ ನನ್ನ ತಮ್ಮನ ಮಟ್ಟಿಗೆ ಯಾವ ಸತ್ಯ ಎಷ್ಟು ತೂಗುತ್ತದೆ ಎಂಬುದು ಲೆಕ್ಕ ಬರೆದಿಟ್ಟುಕೊಳ್ಳದೆ ನಮಗೆ ತಿಳಿಯಲಿಲ್ಲ.

ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಅಪ್ಪ ಅದಕ್ಕೊಂದು ದಾರಿ ತೋರಿಸಿದರು. ಗೆರೆ ಹಾಕಿದ ಒಂದು ನೋಟುಪುಸ್ತಕದ ಎಡ ಪುಟಕ್ಕೆ "ಜಮಾ" ಎಂದೂ ಬಲ ಪುಟಕ್ಕೆ "ಖರ್ಚು" ಎಂದೂ ತಲೆಬರಹ ಕೊಟ್ಟು, ಔಷಧದಿಂದ ಬಂದದ್ದನ್ನು ಎಡಕ್ಕೆ, ಹೋದದ್ದನ್ನು ಬಲಕ್ಕೆ, ತಾರೀಖು ಹಾಕಿ ಬರೆಯಲು ಹೇಳಿದರು. ಆ ಪುಸ್ತಕವನ್ನು ಹೇಗೆ ಬರೆಯಬೇಕು, ಅದರಲ್ಲಿ ಏನೇನನ್ನು ಗಮನಿಸಬೇಕು, ಅದನ್ನು ಹಿಡಿದು ವೈದ್ಯರೊಡನೆ ಹೇಗೆ ಮಾತಾಡಬೇಕು ಎಂಬುದನ್ನು ನಮ್ಮಂಥದೇ ಮನೆಗಳವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ಅವನ ಅಕ್ಕ. ಯಾವ ಗುಳಿಗೆ, ಎಷ್ಟು ಪ್ರಮಾಣ ಎಂಬುದನ್ನು ನಿರ್ಧರಿಸಬೇಕಾದವರು ಮನೋವೈದ್ಯರು ಮತ್ತು ರೋಗಿ. ಆ ನಿರ್ಧಾರಕ್ಕೆ ಬೇಕಾದ ಸರಿಯಾದ ಮಾಹಿತಿಯನ್ನು ಒದಗಿಸುವುದು ಮನೆಯವರಿಂದ ಆಗುವ ಕೆಲಸ.

ಮೊದಲ ಪುಟ ಗುಳಿಗೆಗಿಂತ ಮುಂಚಿನದು

ಔಷಧ ಶುರುವಾಗುವ ಮುಂಚೆ ಮನುಷ್ಯ ಹೇಗಿದ್ದ ಎಂಬುದನ್ನು ಬರೆದಿಡದಿದ್ದರೆ ಮುಂದಿನ ಲೆಕ್ಕಕ್ಕೆ ಆಧಾರವೇ ಇರುವುದಿಲ್ಲ. "ಹುಚ್ಚುಚ್ಚಾಗಿ ಆಡುತ್ತಿದ್ದ" ಎಂದು ಬರೆದರೆ ಉಪಯೋಗವಿಲ್ಲ, ಕಂಡದ್ದನ್ನು ಕಂಡಂತೆಯೇ ಬರೆಯಬೇಕು. ನಮ್ಮ ಪುಸ್ತಕದ ಮೊದಲ ಪುಟದಲ್ಲಿರುವುದು ಹೀಗೆ: ಕಾಲುವೆಯ ಕಡೆಯಿಂದ ನಾಲ್ಕೈದು ಜನ ತನ್ನ ಬಗ್ಗೆಯೇ ಮಾತಾಡುತ್ತಾರೆಂದು ಹೇಳಿ ಅಡುಗೆಮನೆಯ ಕಿಟಕಿಗೆ ಗೋಣಿಚೀಲ ಬಡಿದಿದ್ದಾನೆ, ರಾತ್ರಿ ಎರಡು ತಾಸು ಮಾತ್ರ ಮಲಗುತ್ತಾನೆ, ಅವ್ವ ಬಡಿದ ರೊಟ್ಟಿಯನ್ನು ಅವಳು ತಿಂದ ಮೇಲಷ್ಟೇ ತಿನ್ನುತ್ತಾನೆ, ಹನ್ನೊಂದು ದಿನಗಳಿಂದ ಸ್ನಾನ ಮಾಡಿಲ್ಲ.

ಇದರ ಜೊತೆಗೆ ದೇಹದ ಅಳತೆಗಳೂ ಬೇಕು. ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್, ಹೃದಯದ ಇಸಿಜಿ, ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂಬ ಮಾಹಿತಿ, ಹೆಣ್ಣುಮಕ್ಕಳಾದರೆ ಮುಟ್ಟಿನ ತಾರೀಖು, ಇವಿಷ್ಟನ್ನು ಮೊದಲ ವಾರದಲ್ಲೇ ಬರೆದಿಡಬೇಕು. ಬೀಡಿ, ಸಾರಾಯಿ, ಗಾಂಜಾ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡದೆ ಬರೆಯಬೇಕು. ಬೀಡಿಯ ಹೊಗೆಗೆ ಈ ಲೆಕ್ಕದಲ್ಲಿ ಇರುವ ಪಾತ್ರವನ್ನು ಮುಂದೆ ಹೇಳುತ್ತೇನೆ.

ಜಮಾ ಪುಟ

ಈ ಔಷಧಗಳ ಕಥೆ 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಯಿಂದ ಶುರುವಾಯಿತು. ಆಮೇಲೆ ಬಂದ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್, ಅಮಿಸಲ್‌ಪ್ರೈಡ್, ಕ್ವೆಟಿಯಾಪಿನ್ ಮೊದಲಾದವೆಲ್ಲ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ: ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಸಂದೇಶವನ್ನು ತಗ್ಗಿಸುತ್ತವೆ. ಅರಿಪಿಪ್ರಜೋಲ್ ಅದನ್ನು ಪೂರ್ತಿ ತಡೆಯದೆ ಹದದಲ್ಲಿಡಲು ನೋಡುತ್ತದೆ. ಡೋಪಮಿನ್‌ನ ಅಬ್ಬರ ತಗ್ಗಿದಾಗ ಇಲ್ಲದ ದನಿಗಳು ಕೇಳುವುದು, ಯಾರೋ ಹೊಂಚು ಹಾಕುತ್ತಿದ್ದಾರೆಂಬ ನಂಬಿಕೆ, ಒಂದಕ್ಕೊಂದು ಕೂಡದ ಮಾತು, ಇವು ಬಹಳಷ್ಟು ಜನರಲ್ಲಿ ಇಳಿಯುತ್ತವೆ. ನಿದ್ದೆ ಮತ್ತು ಸಿಡಿಮಿಡಿ ಕೆಲವೇ ದಿನಗಳಲ್ಲಿ ಹತೋಟಿಗೆ ಬರಬಹುದು. ದನಿಗಳಿಗೂ ಸಂಶಯಕ್ಕೂ ವಾರಗಳು ಬೇಕು. ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಕೊಟ್ಟು ನೋಡದೆ ಒಂದು ಗುಳಿಗೆ ಕೆಲಸ ಮಾಡಲಿಲ್ಲವೆಂದು ತೀರ್ಮಾನಿಸಬಾರದು.

ಆದ್ದರಿಂದ ಜಮಾ ಪುಟವನ್ನು ದಿನವೂ ಬರೆಯುವ ಅಗತ್ಯವಿಲ್ಲ, ವಾರಕ್ಕೊಮ್ಮೆ ಸಾಕು. ನಮ್ಮಲ್ಲಿ ಮೊದಲ ವಾರದ ಸಾಲು "ಆರು ತಾಸು ಮಲಗಿದ" ಎಂದಿದೆ. ಎರಡನೆಯ ವಾರದ ಸಾಲು "ದನಿ ಕೇಳಿಸುತ್ತವೆ, ಆದರೆ ದೂರದಿಂದ ಅಂತಾನೆ" ಎಂದಿದೆ. ಮೂರನೆಯ ವಾರದ ಒಂದು ಬೆಳಿಗ್ಗೆ, ಯಾರೂ ಹೇಳದೆ, ಅವನೇ ಕಿಟಕಿಯ ಗೋಣಿಚೀಲವನ್ನು ಕಿತ್ತು, ಮೊಳೆಗಳನ್ನು ಒಂದೊಂದಾಗಿ ಎಣಿಸಿ ಅಪ್ಪನ ಕೈಗೆ ಕೊಟ್ಟ. ಆ ಬೆಳಿಗ್ಗೆ ಅಡುಗೆಮನೆಗೆ ಬಿದ್ದ ಬೆಳಕನ್ನು ನೋಡಿ ನಮ್ಮವ್ವ ಒಲೆಯ ಮುಂದೆ ಕುಳಿತು ಅತ್ತಳು. ಈ ಔಷಧಗಳಿಂದ ಏನೂ ಉಪಯೋಗವಿಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಆ ಮೊಳೆಗಳು.

ಜಮಾ ಪುಟದ ದೊಡ್ಡ ಮೊತ್ತ ಮಾತ್ರ ಕಣ್ಣಿಗೆ ಕಾಣುವಂಥದಲ್ಲ, ಏಕೆಂದರೆ ಅದು ಕಾಯಿಲೆ ಮರುಕಳಿಸದೆ ಕಳೆದ ದಿನಗಳ ಮೊತ್ತ. 2012ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಸುಧಾರಿಸಿದ ಮೇಲೂ ಔಷಧ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಶೇ. 27 ಜನರಿಗೆ ಕಾಯಿಲೆ ಮರುಕಳಿಸಿದರೆ, ಔಷಧದ ಬದಲು ಬರೀ ಹುಸಿಗುಳಿಗೆ ಪಡೆದವರಲ್ಲಿ ಶೇ. 64 ಜನರಿಗೆ ಮರುಕಳಿಸಿತ್ತು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಗುಳಿಗೆ ತಪ್ಪದೆ ನುಂಗಿದರೂ ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಮರಳಿದೆ. ಹಾಗಾದಾಗ "ನೀನು ಗುಳಿಗಿ ಕದ್ದು ಒಗೆದಿರಬೇಕು" ಎಂದು ರೋಗಿಯನ್ನು ಹೀಯಾಳಿಸುವುದು ಅನ್ಯಾಯ. ಹಾಗೆಯೇ, ಗುಳಿಗೆ ಇಲ್ಲದೆಯೂ ಮೂವರಲ್ಲಿ ಒಬ್ಬರು ಆ ವರ್ಷವನ್ನು ಸುರಕ್ಷಿತವಾಗಿ ಕಳೆದಿದ್ದಾರೆ, ಆದರೆ ಆ ಒಬ್ಬರು ಯಾರೆಂದು ಮುಂಚಿತವಾಗಿ ಗುರುತಿಸುವ ಪರೀಕ್ಷೆ ಇಂದಿಗೂ ಇಲ್ಲ.

ಒಂದು ವಿಷಯದಲ್ಲಿ ಹುಸಿ ಆಸೆ ಇಟ್ಟುಕೊಳ್ಳಬಾರದು. ಯಾವುದರಲ್ಲೂ ಉಮೇದಿಲ್ಲದಿರುವುದು, ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಲೆಕ್ಕ ಹಾಕುವಾಗ, ಮಾತು ನೆನಪಿಟ್ಟುಕೊಳ್ಳುವಾಗ ತಡವರಿಸುವುದು, ಇವೂ ಈ ಕಾಯಿಲೆಯ ಭಾಗವೇ. ಇವುಗಳ ಮೇಲೆ ಗುಳಿಗೆಯ ಪ್ರಭಾವ ತೀರ ಕಡಿಮೆ. ಇವಕ್ಕೆ ಬೇಕಾದದ್ದು ಸಣ್ಣ ಸಣ್ಣ ಕೆಲಸ, ಜನರ ಒಡನಾಟ, ತರಬೇತಿ ಮತ್ತು ಅವಸರಪಡದ ಮನೆಯವರು.

ಖರ್ಚು ಪುಟ

ಈ ಪುಟವನ್ನು ಮೊದಲ ಎರಡು ವಾರ ದಿನವೂ ಬರೆಯಬೇಕು. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳು, ಕೆಲವೊಮ್ಮೆ ರಿಸ್ಪೆರಿಡೋನ್ ಕೂಡ, ಮೊದಲ ದಿನಗಳಲ್ಲೇ ಸ್ನಾಯುಗಳನ್ನು ಹಿಡಿದುಬಿಡಬಹುದು. ನನ್ನ ತಮ್ಮನಿಗೆ ನಾಲ್ಕನೆಯ ರಾತ್ರಿ ಕುತ್ತಿಗೆ ಒಂದು ಪಕ್ಕಕ್ಕೆ ತಿರುಗಿ ನಿಂತಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು, ನಾಲಿಗೆ ದಪ್ಪವಾದಂತಾಗಿ ಮಾತು ಹೊರಡಲಿಲ್ಲ. ಓಣಿಯವರು ಗಾಳಿ ಸೋಕಿದೆಯೆಂದು ನಿಂಬೆಹಣ್ಣು ತಂದರು. ಔಷಧ ಬರೆದುಕೊಟ್ಟ ಖಾಸಗಿ ಆಸ್ಪತ್ರೆಯಲ್ಲಿ ಹೀಗಾಗಬಹುದೆಂದು ಯಾರೂ ನಮಗೆ ಒಂದು ಮಾತು ಹೇಳಿರಲಿಲ್ಲ, ಆ ಸಂಕಟ ನನಗೆ ಇಂದಿಗೂ ಆರಿಲ್ಲ. ಸರ್ಕಾರಿ ಆಸ್ಪತ್ರೆಗೆ ಒಯ್ದಾಗ ಒಂದು ಇಂಜೆಕ್ಷನ್ ಕೊಟ್ಟರು; ಅರ್ಧ ತಾಸಿನಲ್ಲಿ ಕುತ್ತಿಗೆ ನೆಟ್ಟಗಾಯಿತು. ಮೊದಲ ದಿನವೇ ವೈದ್ಯರನ್ನು "ಕುತ್ತಿಗೆ, ಕಣ್ಣು ಹಿಡಿದರೆ ಎಲ್ಲಿಗೆ ಬರಬೇಕು, ಅದಕ್ಕೆ ಮುಂಚಿತವಾಗಿ ಗುಳಿಗೆ ಬೇಕೇ?" ಎಂದು ಕೇಳಿಟ್ಟುಕೊಂಡರೆ ಇಂಥ ರಾತ್ರಿಯನ್ನು ತಪ್ಪಿಸಬಹುದು.

ಎರಡನೆಯದು ಕುಳಿತಲ್ಲಿ ಕೂರಲಾಗದ ಚಡಪಡಿಕೆ. ಕಾಲುಗಳೊಳಗೆ ಇರುವೆ ಹರಿದಂತಾಗಿ ಮನುಷ್ಯ ಅಂಗಳದಲ್ಲಿ ಅತ್ತಿತ್ತ ಓಡಾಡುತ್ತಲೇ ಇರುತ್ತಾನೆ. ಇದನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿದರೆ ಗುಳಿಗೆಯ ಪ್ರಮಾಣ ಹೆಚ್ಚಿಸುತ್ತಾರೆ, ಆಗ ಚಡಪಡಿಕೆಯೂ ಹೆಚ್ಚುತ್ತದೆ. ಇದನ್ನು ತಾಳಲಾರದೆ ಜೀವ ಕಳೆದುಕೊಳ್ಳುವ ಯೋಚನೆ ಮಾಡುವವರೂ ಇದ್ದಾರೆ. ಆದ್ದರಿಂದ ಪುಸ್ತಕದಲ್ಲಿ ಓಡಾಟ ಯಾವ ದಿನ ಶುರುವಾಯಿತು, ಅದಕ್ಕೆ ಎಷ್ಟು ದಿನ ಮುಂಚೆ ಪ್ರಮಾಣ ಬದಲಾಗಿತ್ತು ಎಂಬುದನ್ನು ಅಕ್ಕಪಕ್ಕ ಬರೆಯಿರಿ. ಆ ಎರಡು ತಾರೀಖುಗಳೇ ವೈದ್ಯರಿಗೆ ಅರ್ಧ ಉತ್ತರ ಕೊಡುತ್ತವೆ.

ಕೈ ನಡುಕ, ನಡಿಗೆಯಲ್ಲಿ ನಿಧಾನ, ಬಾಯಿಂದ ಜೊಲ್ಲು, ಇವು ಮೂರನೆಯ ಗುಂಪು. ಹೊಲಿಗೆಯವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ: ಜೀನ್ಸಿನ ದಪ್ಪ ಬಟ್ಟೆಗೆ ಹಾಕುವ ಸೂಜಿಯ ಕಣ್ಣಿಗೆ ದಾರ ಪೋಣಿಸಲು ನನ್ನ ತಮ್ಮ ಹತ್ತು ಸಲ ಯತ್ನಿಸುತ್ತಿದ್ದ. ಇದಕ್ಕೆ ಟ್ರೈಹೆಕ್ಸಿಫೆನಿಡಿಲ್ ಎಂಬ ಗುಳಿಗೆ ಕೊಡುತ್ತಾರೆ. ಅದು ನಡುಕ ಇಳಿಸುತ್ತದೆ, ಆದರೆ ಬಾಯಿ ಒಣಗಿಸಿ, ಮಲಬದ್ಧತೆ ತಂದು, ನೆನಪನ್ನೂ ಸ್ವಲ್ಪ ಮಸುಕು ಮಾಡುತ್ತದೆ. ಅದು ಇನ್ನೂ ಬೇಕೇ ಎಂದು ಮೂರು ತಿಂಗಳಿಗೊಮ್ಮೆ ಕೇಳುವುದು ಒಳ್ಳೆಯದು, ಏಕೆಂದರೆ ಕೇಳದಿದ್ದರೆ ಚೀಟಿಯಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುತ್ತದೆ.

ಒಲಾಂಜಪಿನ್ ಮತ್ತು ಕ್ಲೋಜಪಿನ್‌ಗಳ ಖರ್ಚು ಬೇರೆ ಬಗೆಯದು: ಹಸಿವು ಮತ್ತು ತೂಕ. ಒಲಾಂಜಪಿನ್ ನುಂಗುತ್ತಿದ್ದಾಗ ನನ್ನ ತಮ್ಮನ ತೂಕ ಆರು ತಿಂಗಳಲ್ಲಿ 54 ಕಿಲೋದಿಂದ 65 ಕಿಲೋಗೆ ಏರಿತು. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಹೃದ್ರೋಗಗಳ ದಾರಿ ಇದೇ. ಮೊದಲ ಆರು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ತೂಕ ನೋಡಬೇಕು. ಗುಳಿಗೆ ಶುರುವಾಗಿ ಮೂರು ತಿಂಗಳಾದಾಗ ಒಮ್ಮೆ ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷಿಸಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ನಾವು ಅವನಿಗೆ ಊಟ ಕಡಿಮೆ ಮಾಡಲಿಲ್ಲ. ಸಂಜೆಯ ಒಗ್ಗರಣೆ ಮಂಡಕ್ಕಿ–ಮಿರ್ಚಿ ಬಜ್ಜಿಯನ್ನು ವಾರಕ್ಕೊಮ್ಮೆಗೆ ಇಳಿಸಿ, ಚಹಾದ ಸಕ್ಕರೆ ಬಿಡಿಸಿ, ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಹೆಚ್ಚಿಸಿದೆವು. ಅದರಿಂದ ತೂಕ ಏರುವುದು ನಿಂತಿತು, ಇಳಿಯಲಿಲ್ಲ.

ಮನೆಗಳಲ್ಲಿ ಬಾಯಿಬಿಟ್ಟು ಹೇಳದ ಖರ್ಚೊಂದಿದೆ. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್, ಹ್ಯಾಲೊಪೆರಿಡಾಲ್‌ಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುವುದರಿಂದ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲಿನಂಥ ದ್ರವ ಬರಬಹುದು. ಗಂಡಸರಲ್ಲಿ ಲೈಂಗಿಕ ಆಸೆ, ಶಕ್ತಿ ಕುಗ್ಗಬಹುದು. ಮದುವೆಯಾಗದ ಹುಡುಗಿಗೆ ಮುಟ್ಟು ನಿಂತಾಗ ಮನೆಯವರು ಏನೇನು ಊಹಿಸಿ ಅವಳನ್ನು ಎಷ್ಟು ನೋಯಿಸುತ್ತಾರೆಂಬುದನ್ನು ಆಸ್ಪತ್ರೆಯ ಸಾಲಿನಲ್ಲಿ ಕುಳಿತು ನಾನು ಕೇಳಿದ್ದೇನೆ. ಇದು ಗುಳಿಗೆಯ ಪರಿಣಾಮವಾಗಿರಬಹುದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಗುಳಿಗೆ ಬದಲಿಸಿ ಸರಿಪಡಿಸಬಹುದು.

ವರ್ಷಗಳ ಬಳಕೆಯ ನಂತರ ಕೆಲವರಲ್ಲಿ ತುಟಿ, ನಾಲಿಗೆ, ದವಡೆಗಳು ಬಾಯಲ್ಲಿ ಏನೂ ಇಲ್ಲದಿದ್ದರೂ ಎಲೆ–ಅಡಿಕೆ ಜಗಿಯುವಂತೆ ತಾವಾಗಿ ಆಡತೊಡಗುತ್ತವೆ. ಇದು ಪೂರ್ತಿ ಹೋಗದೆಯೂ ಉಳಿಯಬಹುದಾದ್ದರಿಂದ ಆರು ತಿಂಗಳಿಗೊಮ್ಮೆ ಬಾಯಿ, ಬೆರಳುಗಳನ್ನು ನೋಡುವಂತೆ ವೈದ್ಯರನ್ನು ಕೇಳಬೇಕು. ಇನ್ನು, ಜೋರು ಜ್ವರ, ಮೈ ಕಟ್ಟಿಗೆಯಂತೆ ಸೆಟೆಯುವುದು, ಬೆವರು, ಪ್ರಜ್ಞೆ ಮಸುಕಾಗುವುದು ಒಟ್ಟಿಗೆ ಕಂಡರೆ ಅದು ಅಪರೂಪದ, ಆದರೆ ಜೀವ ತೆಗೆಯಬಲ್ಲ ಸ್ಥಿತಿ. ಮುಂದಿನ ಗುಳಿಗೆ ಕೊಡದೆ ತಕ್ಷಣ 108 ಕರೆದು ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಬಿಸಿಲಿನ ವಿಚಾರ

ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇದನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಈ ಔಷಧಗಳು ಮೈಯ ಕಾವನ್ನು ಹದದಲ್ಲಿಡುವ ವ್ಯವಸ್ಥೆಗೆ ಅಡ್ಡಿ ಮಾಡುತ್ತವೆ, ನಡುಕದ ಗುಳಿಗೆ ಬೆವರನ್ನೂ ಕಡಿಮೆ ಮಾಡುತ್ತದೆ, ಕ್ಲೋರ್‌ಪ್ರೊಮಜಿನ್ ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮೆಣಸಿನಕಾಯಿ ಕಣದಲ್ಲಿ, ಭತ್ತದ ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರು ನಡುಹಗಲು ನೆರಳಿಗೆ ಬರಬೇಕು. ನೀರು, ಮಜ್ಜಿಗೆ ಪಕ್ಕದಲ್ಲೇ ಇರಬೇಕು. ಮಲಗಿದವರು ಥಟ್ಟನೆ ಏಳಬಾರದು, ಏಕೆಂದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬಂದು ಬೀಳುವ ಸಂಭವವಿದೆ.

ಕ್ಲೋಜಪಿನ್ ಮತ್ತು ಬೀಡಿ

ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಪ್ರಮಾಣ ಮತ್ತು ಅವಧಿಗೆ ಕೊಟ್ಟರೂ ಗುಣ ಕಾಣದಿದ್ದರೆ ಕ್ಲೋಜಪಿನ್ ಬಗ್ಗೆ ಕೇಳಬೇಕು. 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬೇರೆ ಔಷಧಕ್ಕೆ ಬಗ್ಗದ ರೋಗಿಗಳ ಪೈಕಿ ಕ್ಲೋಜಪಿನ್‌ನಿಂದ ಶೇ. 30 ಜನ ಸುಧಾರಿಸಿದರೆ ಕ್ಲೋರ್‌ಪ್ರೊಮಜಿನ್‌ನಿಂದ ಸುಧಾರಿಸಿದವರು ಶೇ. 4 ಮಾತ್ರ. ಆದರೆ ಸುಮಾರು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ, ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ರಕ್ತಪರೀಕ್ಷೆ ತಪ್ಪಿಸಬಾರದು. ಗಂಟಲುನೋವು, ಜ್ವರ ಬಂದರೆ ಅದೇ ದಿನ ತೋರಿಸಬೇಕು. ಈ ಗುಳಿಗೆಯಿಂದಾಗುವ ಮಲಬದ್ಧತೆಯನ್ನೂ ಹಗುರವಾಗಿ ಕಾಣಬಾರದು. ಕರುಳು ಕಟ್ಟಿ ಪ್ರಾಣ ಹೋದದ್ದಿದೆ.

ಬೀಡಿ, ಸಿಗರೇಟಿನ ಹೊಗೆ ಕ್ಲೋಜಪಿನ್ ಮತ್ತು ಒಲಾಂಜಪಿನ್‌ಗಳನ್ನು ಯಕೃತ್ತು ಬೇಗ ಕರಗಿಸುವಂತೆ ಮಾಡುತ್ತದೆ. ಹೀಗಾಗಿ ಬೀಡಿ ಸೇದುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಿರುತ್ತದೆ. ಅವರು ಒಮ್ಮೆಲೇ ಬೀಡಿ ಬಿಟ್ಟರೆ ರಕ್ತದಲ್ಲಿ ಔಷಧದ ಮಟ್ಟ ಏರಿ ಅತಿನಿದ್ದೆ, ಫಿಟ್ಸ್‌ವರೆಗೂ ಹೋಗಬಹುದು. ಬೀಡಿ ಬಿಡುವುದು ಒಳ್ಳೆಯದೇ, ಆದರೆ ಬಿಡುವ ಮುಂಚೆ ವೈದ್ಯರಿಗೆ ತಿಳಿಸಬೇಕು. ಇದು ಹೊಗೆಯ ಪರಿಣಾಮ; ಗುಟ್ಕಾ ಜಗಿಯುವುದರಿಂದ ಹೀಗಾಗುವುದಿಲ್ಲ.

ಕಡಿಮೆ ಮಾಡಬೇಕೆನಿಸಿದಾಗ

ಈ ಆಸೆ ಪ್ರತಿ ರೋಗಿಗೂ ಒಂದಲ್ಲ ಒಂದು ದಿನ ಬರುತ್ತದೆ, ಬಂದಾಗ ಗದರಿಸಬಾರದು. ನೆದರ್ಲೆಂಡ್ಸ್‌ನಲ್ಲಿ ಮೊದಲ ಸಲ ಕಾಯಿಲೆ ಬಂದು ಸುಧಾರಿಸಿದವರ ಔಷಧವನ್ನು ಹಂತಹಂತವಾಗಿ ಕಡಿಮೆ ಮಾಡಿ ಏಳು ವರ್ಷಗಳ ನಂತರ ನೋಡಿದಾಗ, 2013ರ ವರದಿಯ ಪ್ರಕಾರ, ಆ ಗುಂಪಿನ ಶೇ. 40 ಜನ ಬದುಕಿನಲ್ಲಿ ಚೇತರಿಸಿಕೊಂಡಿದ್ದರು. ಔಷಧ ಹಾಗೆಯೇ ಮುಂದುವರಿಸಿದ ಗುಂಪಿನಲ್ಲಿ ಶೇ. 18. ಅದು ನೂರಕ್ಕೂ ಸ್ವಲ್ಪ ಹೆಚ್ಚು ಜನರ ಸಣ್ಣ ಅಧ್ಯಯನ. 2023ರಲ್ಲಿ ಇಂಗ್ಲೆಂಡಿನಿಂದ ಬಂದ ಇನ್ನೊಂದು ಅಧ್ಯಯನದಲ್ಲಿ, ಬಹುಕಾಲದ ರೋಗಿಗಳಿಗೆ ನಿಧಾನವಾಗಿಯೇ ಕಡಿಮೆ ಮಾಡಿದರೂ ಎರಡು ವರ್ಷದಲ್ಲಿ ಕಾಯಿಲೆ ತೀವ್ರವಾಗಿ ಮರಳಿದವರು ಶೇ. 25, ಮುಂದುವರಿಸಿದವರಲ್ಲಿ ಶೇ. 13. ಬದುಕು ನಡೆಸುವ ಸಾಮರ್ಥ್ಯದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಒಂದೇ ಸಲ ಬಂದ ಕಾಯಿಲೆಗೂ ಪದೇಪದೇ ಬಂದ ಕಾಯಿಲೆಗೂ ಒಂದೇ ಉತ್ತರ ಹೊಂದುವುದಿಲ್ಲ ಎಂದು ನಾನು ಇದರಿಂದ ತಿಳಿದುಕೊಂಡಿದ್ದೇನೆ.

ವೈದ್ಯರು ಸಾಮಾನ್ಯವಾಗಿ ಮೊದಲ ಸಲ ಬಂದವರಿಗೆ ಸುಧಾರಿಸಿದ ಮೇಲೆ ಒಂದೆರಡು ವರ್ಷ, ಪದೇಪದೇ ಬಂದವರಿಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಔಷಧ ಮುಂದುವರಿಸಲು ಹೇಳುತ್ತಾರೆ. ಕಡಿಮೆ ಮಾಡುವುದಾದರೆ ವೈದ್ಯರ ನಿಗಾದಲ್ಲಿ, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು, ಕೊನೆಯ ಸಣ್ಣ ಪ್ರಮಾಣವನ್ನು ಇನ್ನಷ್ಟು ನಿಧಾನವಾಗಿ ಇಳಿಸಬೇಕು. ಜಾತ್ರೆ, ಮದುವೆ, ಸುಗ್ಗಿ, ಬೆಂಗಳೂರಿಗೆ ದುಡಿಯಲು ಹೋಗುವ ತಿಂಗಳು, ಇವು ಇಳಿಸುವ ಕಾಲವಲ್ಲ. ಶುರು ಮಾಡುವ ಮುಂಚೆ ಪುಸ್ತಕದ ಮೊದಲ ಪುಟ ತೆರೆದು, ಕಾಯಿಲೆ ಬರುವಾಗ ಮೊದಲು ಕೆಟ್ಟದ್ದು ಯಾವುದು ಎಂದು ನೋಡಿಕೊಳ್ಳಬೇಕು. ನಮ್ಮಲ್ಲಿ ಅದು ನಿದ್ದೆ: ಸತತ ಮೂರು ರಾತ್ರಿ ನಾಲ್ಕು ತಾಸಿಗಿಂತ ಕಡಿಮೆ ಮಲಗಿದರೆ ನಾಲ್ಕನೆಯ ದಿನ ಆಸ್ಪತ್ರೆಗೆ ಹೋಗುವುದೆಂದು ಅವನೇ ಒಪ್ಪಿ ಸಹಿ ಹಾಕಿದ್ದಾನೆ. ಗರ್ಭಿಣಿಯರೂ ಹೆದರಿ ಒಮ್ಮೆಲೇ ನಿಲ್ಲಿಸದೆ ಮೊದಲು ಕೇಳಬೇಕು.

ದಿನವೂ ಗುಳಿಗೆ ಮರೆಯುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ಒಮ್ಮೆ ಕೊಟ್ಟ ಮೇಲೆ ಅಡ್ಡಪರಿಣಾಮ ಬಂದರೆ ಹಿಂದೆ ತೆಗೆಯಲಾಗದು ಎಂಬುದನ್ನು ತಿಳಿದು ಒಪ್ಪಬೇಕು. ಸಾರಿನಲ್ಲಿ, ಹಾಲಿನಲ್ಲಿ ಗುಳಿಗೆ ಅರೆದು ಕದ್ದು ಕೊಡುವುದನ್ನು ಮಾತ್ರ ಮಾಡಬೇಡಿ. ತನ್ನ ಊಟದಲ್ಲಿ ಏನೋ ಬೆರೆಸುತ್ತಾರೆಂದು ಮೊದಲೇ ಹೆದರಿದವನಿಗೆ ಅದು ಗೊತ್ತಾದರೆ, ಅವನ ಭಯವನ್ನು ನಾವೇ ನಿಜ ಮಾಡಿದಂತಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ತನ್ನ ಚಿಕಿತ್ಸೆಯ ಬಗ್ಗೆ ತಿಳಿಯುವ, ಮುಂಗಡವಾಗಿ ತನ್ನ ಇಚ್ಛೆಯನ್ನು ಬರೆದಿಡುವ ಹಕ್ಕು ಕೊಟ್ಟಿದೆ. ಸರಪಳಿಯಿಂದ ಕಟ್ಟಿಹಾಕುವುದನ್ನು ನಿಷೇಧಿಸಿದೆ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಕಷ್ಟದ ಪ್ರಕರಣಗಳಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲೆಯ ಮನೋವೈದ್ಯರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. 14416 ಸಂಖ್ಯೆಯ ಟೆಲಿಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹುಲಿಗೆಮ್ಮನ ಹುಣ್ಣಿಮೆಗೆ ಹೋಗುವವರು ಹೋಗಿ ಬರಲಿ, ನಮ್ಮ ಮನೆಯವರೂ ಹೋಗುತ್ತೇವೆ. ಗುಳಿಗೆಯ ಡಬ್ಬಿ ಚೀಲದಲ್ಲಿರಲಿ.

ವೈದ್ಯರ ಬಳಿ ಸಿಗುವುದು ಕೆಲವೇ ನಿಮಿಷ. ಪುಸ್ತಕದ ಎರಡು ಪುಟಗಳನ್ನು ತೆರೆದಿಟ್ಟು ಮೊದಲು ರೋಗಿ ಮಾತಾಡಲಿ, ಆಮೇಲೆ ಮನೆಯವರು. ಇಷ್ಟು ಕೇಳಿದರೆ ಸಾಕು: ಈ ಖರ್ಚು ತಾನಾಗಿ ಇಳಿಯುತ್ತದೆಯೇ, ಪ್ರಮಾಣ ತಗ್ಗಿಸಿದರೆ ಇಳಿಯುತ್ತದೆಯೇ, ಬೇರೆ ಗುಳಿಗೆ ಇದೆಯೇ, ಬದಲಿಸಿದರೆ ಜಮಾ ಪುಟದ ಯಾವುದು ಅಪಾಯಕ್ಕೆ ಬೀಳುತ್ತದೆ? ನಾವು ಹೀಗೆ ಕೇಳಿದ ಮೇಲೆಯೇ ಒಲಾಂಜಪಿನ್ ಅನ್ನು ಮೆಲ್ಲಗೆ ಇಳಿಸುತ್ತ ಅರಿಪಿಪ್ರಜೋಲ್ ಏರಿಸುವ ತೀರ್ಮಾನವಾಯಿತು. ತೂಕ ನಾಲ್ಕು ಕಿಲೋ ಇಳಿಯಿತು, ನಿದ್ದೆ ಒಂದು ತಾಸು ಕಡಿಮೆಯಾಯಿತು, ದನಿಗಳು ಈಗಲೂ ಎಂದಾದರೊಮ್ಮೆ ದೂರದಲ್ಲಿ ಕೇಳುತ್ತವೆ. ಆ ವ್ಯಾಪಾರ ತನಗೆ ಒಪ್ಪಿಗೆ ಎಂದು ಹೇಳಿದವನು ನನ್ನ ತಮ್ಮನೇ.

ಮೂರು ವರ್ಷಗಳಿಂದ ಪುಸ್ತಕ ಅವನ ಕೈಯಲ್ಲೇ ಇದೆ. ಕಳೆದ ವಾರದ ಎಡ ಪುಟದಲ್ಲಿ "ಶುಕ್ರವಾರ 11 ಪ್ಯಾಂಟ್ ಹೊಲಿದೆ, ದಾರ ಒಂದೇ ಸಲಕ್ಕೆ ಪೋಣಿಸಿದೆ" ಎಂದಿದೆ. ಬಲ ಪುಟದಲ್ಲಿ "ಬೆಳಿಗ್ಗೆ ಬಾಯಿ ಒಣಗತೈತಿ, ಡಾಕ್ಟರ್‌ಗೆ ಹೇಳಬೇಕು" ಎಂದಿದೆ.